ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸತನಕ್ಕೆ ಮನ್ನಣೆ: ಹಣ ಮೊದಲೋ, ಹೆಸರು ಮೊದಲೋ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಬೆಂಗಳೂರಿಗೆ, ಅಲ್ಲಿಂದ ಹೊರದೇಶಗಳಿಗೆ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಯುವಜನರು ಅನೇಕ. ರಜೆಗೆ ಊರಿಗೆ ಬಂದಾಗ "ಅಲ್ಲಿ ನಿನಗೆ ಎಂಥ ಕೆಲಸ ಮಗಾ?" ಎಂದು ಹಿರಿಯರು ಕೇಳಿದರೆ ಉತ್ತರ ಹೇಳಲು ಅವರಿಗೂ ಕಷ್ಟ. ಬಡಗಿ ತಾನು ಮಾಡಿದ ಬಾಗಿಲನ್ನು ತೋರಿಸಬಹುದು. ಸಾಫ್ಟ್‌ವೇರ್ ಬರೆದವರು ತೋರಿಸುವುದೇನು? ಪ್ರೋಗ್ರಾಮಿನ ಮೇಲೆ ಇರುವುದು ಕಂಪನಿಯ ಹೆಸರು ಮಾತ್ರ.

ಇದು ಕಾನೂನಿನ ಪ್ರಕಾರ ಸರಿಯೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಎಂದೇ ಪರಿಗಣಿಸಲಾಗುತ್ತದೆ. ಆದರೆ ನೌಕರಿಯ ಭಾಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಒಡೆತನ ಸಂಬಳ ಕೊಟ್ಟವರದ್ದು ಎಂದು ಅದರ 17ನೇ ಕಲಂ ಹೇಳುತ್ತದೆ. ಒಡೆತನ ಕಂಪನಿಗೆ ಹೋಯಿತು, ಸರಿ. ಹೊಸದೊಂದನ್ನು ಕಂಡುಹಿಡಿದ ನೌಕರನಿಗೆ ಉಳಿದದ್ದೇನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇರುತ್ತದೆ. ಈ ಪ್ರಶ್ನೆಯನ್ನು ಕಡೆಗಣಿಸಿದ ಒಂದು ಕಂಪನಿ ಎಷ್ಟು ದೊಡ್ಡ ಬೆಲೆ ತೆತ್ತಿತು ಎಂಬುದು ಇಂದಿಗೂ ಓದತಕ್ಕ ಸಂಗತಿ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿ ವಿಡಿಯೋ ಆಟಗಳಿಗೆ ಹೆಸರುವಾಸಿಯಾಗಿತ್ತು. ಟಿ.ವಿ.ಗೆ ಜೋಡಿಸುವ ಒಂದು ಪೆಟ್ಟಿಗೆ, ಅದಕ್ಕೆ ಸಿಕ್ಕಿಸುವ ಕಾರ್ಟ್ರಿಜ್ ಎಂಬ ಬಿಲ್ಲೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಆಟ. ಆ ದಿನಗಳಲ್ಲಿ ಒಂದು ಆಟವನ್ನು ಸಾಮಾನ್ಯವಾಗಿ ಒಬ್ಬರೇ ಕೂತು ತಯಾರಿಸುತ್ತಿದ್ದರು. ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಒಬ್ಬರದೇ. ಆದರೂ ಆಟದ ಡಬ್ಬಿಯ ಮೇಲೆ ಅವರ ಹೆಸರು ಹಾಕುತ್ತಿರಲಿಲ್ಲ. ಹೆಸರು ತಿಳಿದರೆ ಬೇರೆ ಕಂಪನಿಯವರು ಅವರನ್ನು ಸೆಳೆದುಕೊಂಡಾರು ಎಂಬ ಅಂಜಿಕೆಯೂ ಇದಕ್ಕೆ ಒಂದು ಕಾರಣ.

ತಾವು ಮಾಡಿದ ಆಟಗಳು ಕಂಪನಿಯ ಮಾರಾಟದಲ್ಲಿ ಬಹುಪಾಲು ಎಂಬುದು ಡೇವಿಡ್ ಕ್ರೇನ್, ಲ್ಯಾರಿ ಕಪ್ಲನ್, ಅಲನ್ ಮಿಲ್ಲರ್ ಮತ್ತು ಬಾಬ್ ವೈಟ್‌ಹೆಡ್ ಎಂಬ ನಾಲ್ವರಿಗೆ ಲೆಕ್ಕಪತ್ರವೊಂದರಿಂದ ತಿಳಿದುಬಂತು. ಅವರು ಮುಖ್ಯಸ್ಥ ರೇ ಕಸಾರ್ ಅವರ ಬಳಿಗೆ ಹೋಗಿ, ಡಬ್ಬಿಯ ಮೇಲೆ ಹೆಸರು ಮತ್ತು ಮಾರಾಟದಲ್ಲಿ ಸ್ವಲ್ಪ ಪಾಲು ಕೇಳಿದರು. ಕಸಾರ್ ಬಟ್ಟೆ ಉದ್ಯಮದಿಂದ ಬಂದವರು. ಬೈರಾಸಿನ ಮೇಲೆ ವಿನ್ಯಾಸ ಬಿಡಿಸುವವರಿಗೆ ತಮ್ಮನ್ನು ಹೋಲಿಸಿದರು, ಕಾರ್ಖಾನೆಯಲ್ಲಿ ಬಿಲ್ಲೆಗಳನ್ನು ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ ಎಂದರು ಎಂದು ಆ ನಾಲ್ವರಲ್ಲಿ ಕೆಲವರು ಮುಂದೆ ನೆನಪಿಸಿಕೊಂಡಿದ್ದಾರೆ. ಬಿಲ್ಲೆ ಜೋಡಿಸುವ ಕೆಲಸ ಕೀಳಲ್ಲ. ಆದರೆ ಹೋಲಿಕೆಯ ಉದ್ದೇಶ ಅವರ ಕೆಲಸಕ್ಕೆ ಗೌರವ ಕೊಡುವುದಂತೂ ಆಗಿರಲಿಲ್ಲ. ನಾಲ್ವರೂ ಹೊರಟುಹೋದರು. 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿ ಹುಟ್ಟಿತು. ಅದರ ಆಟಗಳಲ್ಲಿ ತಯಾರಿಸಿದವರ ಹೆಸರು ಇರುತ್ತಿತ್ತು, ಕೈಪಿಡಿಯಲ್ಲಿ ಅವರ ಚಿತ್ರ ಮತ್ತು ಆಟಗಾರರಿಗೆ ಅವರದೇ ಸಲಹೆಗಳು. ಅಟಾರಿ ಕೋರ್ಟಿಗೆ ಹೋಯಿತು, ಆದರೆ ಆಕ್ಟಿವಿಷನ್ ಬೆಳವಣಿಗೆಯನ್ನು ತಡೆಯಲಾಗಲಿಲ್ಲ. ಆ ಹೆಸರನ್ನು ಹೊತ್ತ ಆಕ್ಟಿವಿಷನ್ ಬ್ಲಿಜರ್ಡ್ ಸಮೂಹವನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಂಡದ್ದು ಸುಮಾರು 6,900 ಕೋಟಿ ಡಾಲರಿಗೆ!

ಅದೇ ಅಟಾರಿಯಲ್ಲಿ ವಾರನ್ ರಾಬಿನೆಟ್ ಎಂಬ ಯುವಕ ಜಗಳ ಮಾಡಲಿಲ್ಲ. 'ಅಡ್ವೆಂಚರ್' ಎಂಬ ತನ್ನ ಆಟದೊಳಗೆ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಕಟ್ಟಿದ. ಕಣ್ಣಿಗೆ ಬೀಳದಂಥ ಒಂದು ಚುಕ್ಕೆಯನ್ನು ಹುಡುಕಿ ಹೊತ್ತುಕೊಂಡು ಹೋದವರಿಗೆ ಮಾತ್ರ ಅದರೊಳಗೆ ಪ್ರವೇಶ. ಅಲ್ಲಿ ಬರೆದದ್ದು ಇಷ್ಟೇ: ಇದನ್ನು ಸೃಷ್ಟಿಸಿದವನು ವಾರನ್ ರಾಬಿನೆಟ್. ಆಟ ಹತ್ತು ಲಕ್ಷದಷ್ಟು ಪ್ರತಿ ಮಾರಾಟವಾದರೂ ಆತನಿಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 22 ಸಾವಿರ ಡಾಲರ್ ಸಂಬಳ ಮಾತ್ರ. ಆತ ಕೆಲಸ ಬಿಟ್ಟ ನಂತರ ಒಬ್ಬ ಹುಡುಗ ಈ ಕೋಣೆಯನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆದ. ತೆಗೆದುಹಾಕಲು ಖರ್ಚು ಹೆಚ್ಚು ಎಂದು ಕಂಪನಿ ಅದನ್ನು ಹಾಗೆಯೇ ಬಿಟ್ಟಿತು. ಪಾಸ್ಖ ಹಬ್ಬದಲ್ಲಿ ಮಕ್ಕಳು ಬಚ್ಚಿಟ್ಟ ಮೊಟ್ಟೆಗಳನ್ನು ಹುಡುಕುವಂತೆ ಇದೂ ಒಂದು ಆಟ ಎಂದು ಅಲ್ಲಿನ ಮ್ಯಾನೇಜರೊಬ್ಬರು ಹೇಳಿದರಂತೆ. ಸಾಫ್ಟ್‌ವೇರಿನಲ್ಲಿ ಅಡಗಿಸಿಟ್ಟ ಇಂಥ ವಿಷಯಗಳಿಗೆ ಇಂದಿಗೂ 'ಈಸ್ಟರ್ ಎಗ್' ಎನ್ನುತ್ತಾರೆ. ನಮ್ಮ ಮಕ್ಕಳು ಈ ಪದವನ್ನು ಬಳಸುವಾಗ ಅದರ ಹಿಂದೆ ಹೆಸರಿಗಾಗಿ ಹಂಬಲಿಸಿದ ಒಬ್ಬ ನೌಕರನಿದ್ದಾನೆ ಎಂಬುದು ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ.

ಹಾಗಾದರೆ ಕೈತುಂಬಾ ಹಣ ಕೊಟ್ಟರೆ ಸಾಕೇ? ಗೂಗಲ್ ಅದನ್ನೂ ಮಾಡಿ ನೋಡಿದೆ. 2004ರಲ್ಲಿ ಅದು ಸ್ಥಾಪಕರ ಪ್ರಶಸ್ತಿಯನ್ನು ಆರಂಭಿಸಿ, ಮೊದಲ ಬಾರಿಗೆ ಎರಡು ತಂಡಗಳಿಗೆ ಸುಮಾರು 1.2 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ನೀಡಿತು. ಫಲಿತಾಂಶ ಸಂತೋಷಕರವಾಗಿರಲಿಲ್ಲ. ಅಷ್ಟೇ ದುಡಿದೂ ಪ್ರಶಸ್ತಿ ಸಿಗದವರಿಗೆ ನೋವಾಯಿತು; ಸಿಕ್ಕವರೂ ತಮ್ಮ ಪಾಲನ್ನು ಪಕ್ಕದವನ ಪಾಲಿನ ಜೊತೆ ತೂಗಿ ನೋಡತೊಡಗಿದರು. ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2015ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಚೆನ್ನಾಗಿ ನಡೆದದ್ದು ಒಂದು ಸಣ್ಣ ಯೋಜನೆ: ಯಾವುದೇ ನೌಕರ ತನ್ನ ಸಹೋದ್ಯೋಗಿಗೆ, ಮೇಲಧಿಕಾರಿಯ ಸಹಿ ಇಲ್ಲದೆ, 175 ಡಾಲರ್ ಬಹುಮಾನ ಕೊಡಿಸಬಹುದಿತ್ತು. ದುರುಪಯೋಗವಾದೀತು ಎಂದು ಯಾರಿಗೂ ಅನಿಸುವುದು ಸಹಜ. ಹಾಗೇನೂ ಆಗಲಿಲ್ಲ ಎನ್ನುತ್ತಾರೆ ಬಾಕ್. ಕೆಲಸದ ಬೆಲೆ ಪಕ್ಕದ ಮೇಜಿನವನಿಗೆ ಗೊತ್ತಿರುವಷ್ಟು ದೂರದ ಅಧಿಕಾರಿಗೆ ಗೊತ್ತಿರುವುದಿಲ್ಲ ತಾನೇ!

ಗೂಗಲಿನಲ್ಲೇ ಹೆಸರು ಉಳಿದ ಉದಾಹರಣೆಗಳೂ ಇವೆ. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯಲ್ಲಿ ಓದಿದ ಕೃಷ್ಣ ಭರತ್, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಒಂದೇ ಸುದ್ದಿಯನ್ನು ಹತ್ತಾರು ಪತ್ರಿಕೆಗಳಲ್ಲಿ ಹುಡುಕುವ ಕಷ್ಟ ಕಂಡು, ಸುದ್ದಿಗಳನ್ನು ತಾನಾಗಿಯೇ ಒಟ್ಟುಗೂಡಿಸುವ ಪ್ರೋಗ್ರಾಂ ರೂಪಿಸಿದರು. 2002ರಲ್ಲಿ ಅದು ಗೂಗಲ್ ನ್ಯೂಸ್ ಆಗಿ ಹೊರಬಂತು. ಸೇವೆ ಕಂಪನಿಯದ್ದಾದರೂ ಅದನ್ನು ಮಾಡಿದವರು ಯಾರೆಂದು ಲೋಕಕ್ಕೆ ಗೊತ್ತು. 2004ರಿಂದ 2014ರವರೆಗೆ ನಮ್ಮ ಯುವಜನರೂ ಮುಗಿಬಿದ್ದು ಬಳಸಿದ ಆರ್ಕುಟ್ ಅಂತೂ ಅದನ್ನು ತಯಾರಿಸಿದ ಎಂಜಿನಿಯರ್ ಆರ್ಕುಟ್ ಬುಯುಕ್‌ಕೊಕ್ಟೆನ್ ಅವರ ಹೆಸರಿನಲ್ಲೇ ಇತ್ತು.

ಇನ್ನು ನಮ್ಮ ಕಾನೂನಿನ ವಿಷಯಕ್ಕೆ ಮರಳಿದರೆ, ನೌಕರರು ತಿಳಿದಿರಬೇಕಾದ ಎರಡು ಅಂಶಗಳಿವೆ. ಕೃತಿಸ್ವಾಮ್ಯ ಕಂಪನಿಯದ್ದಾದರೂ, ಕೃತಿಯ ಕರ್ತೃ ತಾನೇ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಕರ್ತೃವಿಗೇ ಉಳಿಸಿದೆ. ಪೇಟೆಂಟ್ ವಿಷಯದಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿಗೆ ಅದು ಬರೀ ಪ್ರೋಗ್ರಾಂ ಎಂಬ ಕಾರಣಕ್ಕೆ ಭಾರತದಲ್ಲಿ ಪೇಟೆಂಟ್ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಿನ ತಾಂತ್ರಿಕ ಆವಿಷ್ಕಾರವಿದ್ದು ಕಂಪನಿ ಅರ್ಜಿ ಹಾಕಿದರೆ, ಆವಿಷ್ಕರಿಸಿದವರ ಹೆಸರನ್ನು ಪೇಟೆಂಟಿನಲ್ಲಿ ನಮೂದಿಸಲು 1970ರ ಪೇಟೆಂಟ್ ಕಾಯ್ದೆಯ 28ನೇ ಕಲಂ ಅವಕಾಶ ಕೊಟ್ಟಿದೆ. ಹೆಸರು ಬಂದ ಮಾತ್ರಕ್ಕೆ ಪೇಟೆಂಟಿನ ಮೇಲೆ ಹಕ್ಕಾಗಲಿ ಹಣವಾಗಲಿ ಬರುವುದಿಲ್ಲ ಎಂಬುದೂ ಅಲ್ಲೇ ಸ್ಪಷ್ಟವಾಗಿದೆ. ತಂಡದ ನಾಯಕರ ಹೆಸರು ಬಂದು, ಯೋಚನೆ ಕೊಟ್ಟ ಕಿರಿಯ ಹುಡುಗಿಯ ಹೆಸರು ಬಿಟ್ಟುಹೋದರೆ ಆಕೆ ಪೇಟೆಂಟ್ ಕಚೇರಿಗೆ ಬೇಡಿಕೆ ಸಲ್ಲಿಸಬಹುದು. ಆದರೆ ಅದನ್ನು ಪೇಟೆಂಟ್ ಮಂಜೂರಾಗುವ ಮೊದಲೇ ಸಲ್ಲಿಸಬೇಕು.