ಒಂದೇ ಕೋಣೆಯಲ್ಲಿ ಎರಡು ‘ಕಾರು’: ರೇಸಿಂಗ್ ಸಿಮ್ಯುಲೇಟರ್ ನಾವೇ ಕಟ್ಟೋದು ಹೇಗೆ? ಅಂಗಡಿಯವರಿಗೆ ಲಾಭ ಇದೆಯಾ?

ಶಿಕಾರಿಪುರ/ಸೊರಬ: ಸೊರಬದಲ್ಲಿ ಜೆರಾಕ್ಸ್ ಮತ್ತು ಕಂಪ್ಯೂಟರ್ ಸೆಂಟರ್ ನಡೆಸುವ ಅಣ್ಣ ಒಬ್ಬರು ಮೊನ್ನೆ ಫೋನ್ ಮಾಡಿದ್ರು. "ತಮ್ಮ, ಮಾಲ್‌ನಲ್ಲಿ ಇರುತ್ತಲ್ಲ ಕಾರ್ ರೇಸ್ ಸೀಟು, ಅಂಥದ್ದು ಎರಡು ಅಕ್ಕಪಕ್ಕ ಹಾಕಿದ್ರೆ ಓಡುತ್ತಾ? ಈಗ ಅರ್ಜಿ ಹಾಕಿಸೋಕೂ ಜನ ಮೊಬೈಲೇ ನೋಡ್ತಾರೆ. ಮನೆಯವಳ ಬಂಗಾರ ಇಟ್ಟಾದ್ರೂ ಹಾಕ್ತೀನಿ" ಅಂದ್ರು.

"ಅಣ್ಣ, ಬಂಗಾರ ಇಡೋಕೆ ಮುಂಚೆ ಎರಡು ದಿನ ಟೈಮ್ ಕೊಡಿ" ಅಂದೆ. ಯಾಕೆಂದ್ರೆ ನಾನು, ನನ್ನ ಗೆಳೆಯ ಇಬ್ಬರೂ ಸೇರಿ ಇಂಥ ಸೀಟು ಕಟ್ಟಿದ್ದೇವೆ. ಮೊದಲ ಸಲ ಕಟ್ಟಿದ್ದು ಗುಜರಿಗೆ ಹೋಯ್ತು. ಎರಡನೇ ಸಲ ಕಟ್ಟಿದ್ದು ಇನ್ನೂ ಓಡ್ತಿದೆ. ಅವರಿಗೆ ಹೇಳಬೇಕಾದದ್ದು ಇನ್ನೂ ಹತ್ತು ಜನಕ್ಕೆ ಉಪಯೋಗ ಆಗಲಿ ಅಂತ ಇಲ್ಲಿ ಬರೆದಿದ್ದೇನೆ.

ಸಿಮ್ಯುಲೇಟರ್ ಅಂದ್ರೆ ಏನು?

ಮೊಬೈಲ್‌ನಲ್ಲಿ ಕಾರ್ ಗೇಮ್ ಆಡೋದು ಬೆರಳಲ್ಲಿ. ಇಲ್ಲಿ ನಿಜವಾದ ಸ್ಟೇರಿಂಗ್, ಕ್ಲಚ್, ಬ್ರೇಕ್, ಆಕ್ಸಲರೇಟರ್ ಇರುತ್ತೆ. ಮುಂದೆ ಸ್ಕ್ರೀನ್, ಕೆಳಗೆ ಕಾರಿನ ಸೀಟು. ಇದೆಲ್ಲ ಅಲುಗಾಡದಂತೆ ಹಿಡಿದಿಡುವ ಚೌಕಟ್ಟಿಗೆ ಕಾಕ್‌ಪಿಟ್ ಅಂತಾರೆ. ಒಳ್ಳೆ ಸ್ಟೇರಿಂಗ್ ಒಳಗೆ ಮೋಟಾರ್ ಇರುತ್ತೆ. ಗೇಮ್‌ನಲ್ಲಿ ಕಾರು ಗುಂಡಿಗೆ ಬಿದ್ದರೆ, ಟೈರ್ ಜಾರಿದರೆ, ಆ ಮೋಟಾರ್ ನಿಮ್ಮ ಕೈಯನ್ನು ಎಳೆಯುತ್ತೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅಂತ ಹೆಸರು. ಲಾಜಿಟೆಕ್ ಜಿ29 ಇಂಥದ್ದೇ ಸ್ಟೇರಿಂಗ್. ಅದು 900 ಡಿಗ್ರಿ, ಅಂದ್ರೆ ಎರಡೂವರೆ ಸುತ್ತು ತಿರುಗುತ್ತೆ. ಮೋಟಾರ್ ಇಲ್ಲದ ಕಡಿಮೆ ಬೆಲೆಯ ಸ್ಟೇರಿಂಗ್‌ಗಳೂ ಸಿಗುತ್ತವೆ. ಅವುಗಳಲ್ಲಿ ಬರೀ ಸ್ಪ್ರಿಂಗ್ ಅಥವಾ ರಬ್ಬರ್ ಇರುತ್ತೆ. ನಮ್ಮ ಮೊದಲ ದುಡ್ಡು ಹಾಳಾಗಿದ್ದು ಅಲ್ಲೇ. ಒಂದು ವಾರ ಮಜಾ ಅನಿಸಿತು, ಆಮೇಲೆ ಯಾರೂ ಮುಟ್ಟಲಿಲ್ಲ.

ಮನೆಯಲ್ಲಿ ಸಿಮ್ಯುಲೇಟರ್ ಕಟ್ಟೋದು ಹೊಸ ಹುಚ್ಚೇನಲ್ಲ. ಅಮೆರಿಕದ ಬಿಂಗ್ಹ್ಯಾಂಟನ್ ಊರಿನ ಎಡ್ವಿನ್ ಲಿಂಕ್ ಅವರ ಅಪ್ಪನದು ಪಿಯಾನೋ, ಆರ್ಗನ್ ಮಾಡುವ ಕಾರ್ಖಾನೆ. ನಮ್ಮ ಹಾರ್ಮೋನಿಯಂಗೆ ಇರುವಂಥ ಗಾಳಿ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ವಿಮಾನ ಹಾರಿಸೋದು ಕಲಿಸುವ ಯಂತ್ರ ಮಾಡಿದರು. ಮೊದಲು ಅದನ್ನು ಜಾತ್ರೆ ಆಟಿಕೆ ಥರ ನೋಡಿದ್ದೇ ಹೆಚ್ಚು. 1934ರಲ್ಲಿ ಅಂಚೆ ಒಯ್ಯುವ ಕೆಲಸಕ್ಕಿಳಿದ ಸೇನಾ ಪೈಲಟ್‌ಗಳು ಕೆಟ್ಟ ಹವಾಮಾನದಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಅಮೆರಿಕದ ಸೇನೆ ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಇದರಲ್ಲೇ ಕಲಿತರು.

ಎರಡು ಯಾಕೆ? ಒಂದು ಸಾಲದಾ?

ದೀಪಾವಳಿ ಆದ ಮೇಲೆ ನಮ್ಮ ಎರಡೂ ತಾಲೂಕಲ್ಲಿ ಹೋರಿ ಹಬ್ಬ ಶುರುವಾಗುತ್ತೆ. ಕೊಬ್ಬರಿ ಹೋರಿ ಓಡೋದನ್ನ ಯೂಟ್ಯೂಬ್‌ನಲ್ಲೂ ನೋಡಬಹುದು. ಆದ್ರೂ ಜನ ಅಖಾಡಕ್ಕೇ ಹೋಗ್ತಾರೆ. ಪಕ್ಕದಲ್ಲಿ ಪಕ್ಕದೂರಿನವನು ನಿಂತು ಕೂಗಿದಾಗಲೇ ಅದರ ಮಜಾ. ಇದೂ ಹಾಗೇ. ಒಂದೇ ಸೀಟಲ್ಲಿ ಕಂಪ್ಯೂಟರ್ ಜೊತೆ ರೇಸ್ ಮಾಡಿದರೆ ನಾಲ್ಕು ದಿನಕ್ಕೆ ಬೇಜಾರು. ಪಕ್ಕದ ಸೀಟಲ್ಲಿ ದೋಸ್ತ್ ಕೂತಿದ್ರೆ ಮುಗಿಯೋದೇ ಇಲ್ಲ. ಸೆಗಾ ಕಂಪನಿಯವರು ಡೇಟೋನಾ ಗೇಮ್‌ನ ಸೀಟುಗಳನ್ನು ಎಂಟರ ತನಕ ಸಾಲಾಗಿ ಜೋಡಿಸೋ ಹಾಗೆ ಮಾಡಿದ್ದೂ ಇದಕ್ಕೇ.

ಒಂದೇ ಟಿ.ವಿ.ಯನ್ನು ಅರ್ಧ ಅರ್ಧ ಮಾಡಿ ಇಬ್ಬರು ಆಡುವ ಗೇಮ್‌ಗಳೂ ಇವೆ. ಖರ್ಚು ಕಡಿಮೆ. ಆದ್ರೆ ಇಬ್ಬರಿಗೂ ರಸ್ತೆ ಇಕ್ಕಟ್ಟಾಗಿ ಕಾಣುತ್ತೆ. ಅಸೆಟ್ಟೊ ಕೋರ್ಸಾ ಥರದ ಗಂಭೀರ ಗೇಮ್‌ನಲ್ಲಿ ಈ ಸೌಲಭ್ಯ ಇಲ್ಲ. ಅದಕ್ಕೆ ಎರಡು ಕಂಪ್ಯೂಟರ್, ಎರಡು ಸ್ಕ್ರೀನ್, ಎರಡು ಗೇಮ್ ಕಾಪಿ ಬೇಕು. ಎರಡು ಕಂಪ್ಯೂಟರ್ ನಡುವೆ ಒಂದು ಲ್ಯಾನ್ ವೈರ್ ಎಳೆದು, ಒಂದರಲ್ಲಿ ಸರ್ವರ್ ಓಡಿಸಿದರೆ ಆಯ್ತು. ವೈಫೈ ನೆಚ್ಚಿಕೊಳ್ಳಬೇಡಿ. ಸಿಗ್ನಲ್ ಕುಣಿದ್ರೆ ಎದುರಿನ ಕಾರೂ ಸ್ಕ್ರೀನ್ ಮೇಲೆ ಕುಣಿಯುತ್ತೆ.

ಚೌಕಟ್ಟು: ವೆಲ್ಡಿಂಗ್ ಶಾಪ್‌ನಲ್ಲಿ ಏನು ಹೇಳಬೇಕು?

ಟೇಬಲ್ ಮೇಲೆ ಸ್ಟೇರಿಂಗ್ ಕಟ್ಟಿ, ಗಾಲಿ ಇರುವ ಕುರ್ಚಿ ಮೇಲೆ ಕೂತು ನೋಡಿ. ಜೋರಾಗಿ ಬ್ರೇಕ್ ಒತ್ತಿದ ತಕ್ಷಣ ಕುರ್ಚಿ ಹಿಂದೆ ಹೋಗುತ್ತೆ, ಪೆಡಲ್ ಮುಂದೆ ಹೋಗುತ್ತೆ. ಚೌಕಟ್ಟಿನ ಕೆಲಸ ಇಷ್ಟೇ: ಸೀಟು, ಪೆಡಲ್, ಸ್ಟೇರಿಂಗ್ ಮೂರೂ ಒಂದೇ ಕಬ್ಬಿಣದ ಮೇಲೆ ಕೂತಿರಬೇಕು. ಆಗ ಎಷ್ಟು ಒತ್ತಿದ್ರೂ ಒಂದಕ್ಕೊಂದು ದೂರ ಆಗಲ್ಲ.

40 ಎಂ.ಎಂ. ಚೌಕ ಪೈಪ್, 2 ಎಂ.ಎಂ. ದಪ್ಪದ್ದು ಸಾಕು. ಇದು ಮೀಟರ್‌ಗೆ ಹೆಚ್ಚುಕಡಿಮೆ 2.4 ಕೆ.ಜಿ. ತೂಗುತ್ತೆ. 20 ಅಡಿಯ ಎರಡು ಪೈಪ್ ಇದ್ರೆ ಒಂದು ಸೀಟು ಆಗುತ್ತೆ, ಅಂದ್ರೆ ಸುಮಾರು 29 ಕೆ.ಜಿ. ಎರಡು ಸೀಟಿಗೆ ನಾಲ್ಕು ಪೈಪ್. ಅವತ್ತಿನ ಕೆ.ಜಿ. ರೇಟಿಗೆ ಗುಣಿಸಿ, ಮೇಲೆ ವೆಲ್ಡಿಂಗ್ ಕೂಲಿ ಸೇರಿಸಿದರೆ ಲೆಕ್ಕ ಸಿಗುತ್ತೆ. ಉದ್ದ ಐದು ಅಡಿ, ಅಗಲ ಎರಡು ಅಡಿ ಮೀರಬೇಡಿ. ನಾವು ಮೂರು ಅಡಿ ಅಗಲ ಮಾಡಿಸಿದ್ವಿ, ಮನೆ ಬಾಗಿಲಲ್ಲಿ ಹೋಗಲಿಲ್ಲ. ಅಂಗಳದಲ್ಲೇ ಗ್ರೈಂಡರ್ ಹಿಡಿದು ಕೊಯ್ದಿದ್ದಾಯ್ತು.

ಸ್ಟೇರಿಂಗ್ ನಿಲ್ಲಿಸುವ ಕಂಬ, ಪೆಡಲ್ ಇಡುವ ಹಲಗೆ, ಇವೆರಡನ್ನು ವೆಲ್ಡ್ ಮಾಡಿಸಬೇಡಿ. ಉದ್ದನೆಯ ತೂತು ಕೊರೆಸಿ ನಟ್ಟು ಬೋಲ್ಟು ಹಾಕಿಸಿ. ಹತ್ತನೇ ಕ್ಲಾಸ್ ಹುಡುಗನ ಕಾಲೂ ನಿಮ್ಮ ಕಾಲೂ ಒಂದೇ ಉದ್ದ ಇರಲ್ಲ.

ಇನ್ನೊಂದು ಮುಖ್ಯ ವಿಷಯ. ಎರಡೂ ಸೀಟನ್ನು ಒಂದೇ ಚೌಕಟ್ಟಾಗಿ ಬೆಸೆಯಬೇಡಿ. ಒಬ್ಬ ಬ್ರೇಕ್ ಒದ್ದರೆ ಇನ್ನೊಬ್ಬನ ಸ್ಕ್ರೀನ್ ನಡುಗುತ್ತೆ. ಬೇರೆ ಬೇರೆ ಮಾಡಿ, ಒಂದು ಸೀಟಿನ ನಡುವಿನಿಂದ ಇನ್ನೊಂದರ ನಡುವಿಗೆ ಮೂರೂವರೆ ಅಡಿ ಬಿಟ್ಟು ಇಡಿ. ಗೇರ್ ಲಿವರ್ ಹಾಕೋದಾದ್ರೆ ನಮ್ಮ ಕಾರಿನಂತೆ ಎಡಗೈಗೇ ಹಾಕಿ. ಬಲಗಡೆ ಕೂತವನ ಲಿವರ್ ಇಬ್ಬರ ನಡುವಿನ ಜಾಗಕ್ಕೇ ಬರುತ್ತೆ, ಅದಕ್ಕೇ ಅಷ್ಟು ಜಾಗ ಬೇಕು.

ಕಬ್ಬಿಣ ಬೇಡ ಅನ್ನೋರು 19 ಎಂ.ಎಂ. ಪ್ಲೈವುಡ್‌ನಲ್ಲೂ ಮಾಡಬಹುದು. ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬದಲ್ಲಿ ಮರಗೆಲಸ ಬಲ್ಲವರಿಗೆ ಬರವಿಲ್ಲ. ಆದ್ರೆ ನಮ್ಮ ಮಳೆಗಾಲ ನೆನಪಿರಲಿ. ಅಂಚಿಗೆ ಪಾಲಿಶ್ ಹಾಕದ ಪ್ಲೈವುಡ್ ಆಷಾಢದಲ್ಲಿ ಉಬ್ಬುತ್ತೆ, ಸ್ಕ್ರೂ ಸಡಿಲ ಆಗುತ್ತೆ. ಕಬ್ಬಿಣ ಆದ್ರೆ ಬಣ್ಣಕ್ಕೆ ಮುಂಚೆ ರೆಡ್ ಆಕ್ಸೈಡ್ ಬಿಡಬೇಡಿ.

ಸೀಟು ಮತ್ತು ಸ್ಕ್ರೀನ್

ಗುಜರಿಯಲ್ಲಿ ಹಳೇ ಮಾರುತಿ 800 ಅಥವಾ ಓಮ್ನಿ ಸೀಟು ಸಿಕ್ಕರೆ ಸಾಕು. ಕೆಳಗಿನ ಸ್ಲೈಡರ್ ಸಮೇತ ತಗೊಳ್ಳಿ, ಹಿಂದೆ ಮುಂದೆ ಮಾಡೋದು ಪುಕ್ಕಟೆ ಸಿಕ್ಕಿದ ಹಾಗೆ. ಹೊಸ ಕಾರುಗಳ ಕೆಲವು ಸೀಟಲ್ಲಿ ಪಕ್ಕದ ಏರ್‌ಬ್ಯಾಗ್ ಇರುತ್ತೆ. ಅಂಥದ್ದು ಬೇಡ, ಅದು ಸಿಡಿಯುವ ವಸ್ತು.

ಅಳತೆ ಸರಿ ಇದೆಯಾ ನೋಡೋಕೆ ಡ್ರೈವಿಂಗ್ ಸ್ಕೂಲ್ ಲೆಕ್ಕ ಸಾಕು. ಬೆನ್ನು ಸೀಟಿಗೆ ಒರಗಿಸಿ ಕೈ ಚಾಚಿದರೆ ಸ್ಟೇರಿಂಗ್ ಮೇಲ್ತುದಿಗೆ ಮಣಿಕಟ್ಟು ತಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು.

ಸ್ಕ್ರೀನ್ ದೂರ ಇಟ್ಟರೆ ತಿರುವು ಅಂದಾಜು ಸಿಗಲ್ಲ. ಸುಲಭದ ಲೆಕ್ಕ: ಸ್ಕ್ರೀನ್ ಎಷ್ಟು ಅಗಲವೋ ಕಣ್ಣಿಂದ ಅಷ್ಟೇ ದೂರ. 32 ಇಂಚಿನ ಸ್ಕ್ರೀನ್ ಅಗಲ ಸುಮಾರು 71 ಸೆಂ.ಮೀ., ಹಾಗಾಗಿ 71 ಸೆಂ.ಮೀ. ದೂರ ಇಡಿ. ಆಗ ನಿಮ್ಮ ನೋಟದ ಅಗಲ 53 ಡಿಗ್ರಿ, ಎತ್ತರ 31 ಡಿಗ್ರಿ ಆಗುತ್ತೆ. ಗೇಮ್‌ನ ಸೆಟ್ಟಿಂಗ್‌ನಲ್ಲಿ ‘ಫೀಲ್ಡ್ ಆಫ್ ವ್ಯೂ’ ಅಂತ ಇರುತ್ತೆ. ಅದು ಅಗಲ ಕೇಳುತ್ತೋ ಎತ್ತರ ಕೇಳುತ್ತೋ ನೋಡಿ, ಆ ನಂಬರ್ ಹಾಕಿ. ಮೊದಲು ಇಕ್ಕಟ್ಟು ಅನಿಸುತ್ತೆ. ಆದ್ರೆ ತಿರುವು ಎಷ್ಟು ದೂರ ಇದೆ ಅಂತ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತೆ. ಎರಡೂ ಸೀಟಿಗೂ ಒಂದೇ ಸ್ಕ್ರೀನ್, ಒಂದೇ ದೂರ, ಒಂದೇ ಸೆಟ್ಟಿಂಗ್ ಇರಲಿ. ಇಲ್ಲದಿದ್ರೆ ಸೋತವನು ಸೀಟಿನ ಮೇಲೆ ಹಾಕ್ತಾನೆ. ಕಬಡ್ಡಿಯಲ್ಲಿ ಕೋರ್ಟ್ ಬದಲಿಸಿದ ಹಾಗೆ, ಒಂದು ರೇಸ್ ಆದ ಮೇಲೆ ಸೀಟು ಬದಲಿಸಿ. ಜಗಳ ಅಲ್ಲಿಗೆ ಮುಗಿಯುತ್ತೆ.

ಕರೆಂಟ್ ವಿಷಯದಲ್ಲಿ ಹುಷಾರ್

ಕಬ್ಬಿಣದ ಚೌಕಟ್ಟಿನ ಮೇಲೆ ಕಂಪ್ಯೂಟರ್ ಇಡ್ತೀರಿ, ಅದರ ಮೇಲೆ ಮಕ್ಕಳು ಬರಿಗಾಲಲ್ಲಿ ಕೂರ್ತಾರೆ. ಹಾಗಾಗಿ ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಹಾಕಲೇಬೇಡಿ. ಮೂರು ಪಿನ್, ಸರಿಯಾದ ಅರ್ಥಿಂಗ್, ಬೋರ್ಡ್‌ನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಈ ಮೂರನ್ನೂ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಚೌಕಟ್ಟಿಗೂ ಅರ್ಥ್ ವೈರ್ ಕೊಡಿಸಿ. ಏಪ್ರಿಲ್, ಮೇ ಗುಡುಗಿನ ಸಮಯದಲ್ಲಿ ಪ್ಲಗ್ ಕಿತ್ತಿಡಿ. ಎರಡು ಗೇಮಿಂಗ್ ಕಂಪ್ಯೂಟರ್, ಸ್ಕ್ರೀನ್ ಸೇರಿ 800 ವ್ಯಾಟ್ ತಲುಪಬಹುದು. ಮನೆಯ ಸಣ್ಣ ಇನ್ವರ್ಟರ್ ಇದನ್ನ ಎಳೆಯೋದು ಕಷ್ಟ.

ಮಕ್ಕಳಿಗೆ ಇನ್ನೊಂದು ಮಾತು: ಹೆಬ್ಬೆರಳನ್ನು ಸ್ಟೇರಿಂಗ್ ಒಳಗೆ ಸಿಕ್ಕಿಸಿ ಹಿಡಿಯಬಾರದು. ಗೇಮ್‌ನಲ್ಲಿ ಕಾರು ಗುದ್ದಿದಾಗ ಮೋಟಾರ್ ಒಮ್ಮೆಲೇ ತಿರುಗಿ ಬೆರಳು ತಿರುಚುತ್ತೆ. ತಲೆ ಸುತ್ತಿದ್ರೆ ಎದ್ದುಬಿಡಿ, ಹಟ ಬೇಡ.

ಈಗ ದುಡ್ಡಿನ ಲೆಕ್ಕ

ಬೆಲೆ ದಿನಾ ಬದಲಾಗುತ್ತೆ, ಇದು ಬರೀ ಉದಾಹರಣೆ. ಒಂದು ಸೀಟಿಗೆ ಸ್ಟೇರಿಂಗ್ 30 ಸಾವಿರ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ 35 ಸಾವಿರ, ಸ್ಕ್ರೀನ್ 10 ಸಾವಿರ, ಚೌಕಟ್ಟು ಮತ್ತು ಸೀಟು 10 ಸಾವಿರ ಅಂತ ಹಿಡಿಯಿರಿ. ಒಟ್ಟು 85 ಸಾವಿರ. ಎರಡಕ್ಕೆ 1.70 ಲಕ್ಷ.

ಹತ್ತು ನಿಮಿಷದ ಒಂದು ರೇಸ್‌ಗೆ ಒಬ್ಬರಿಗೆ 30 ರೂಪಾಯಿ ಅಂದ್ರೆ, ಹಾಕಿದ ದುಡ್ಡು ವಾಪಸ್ ಬರೋಕೆ 5,667 ಸಲ ಜನ ಕೂರಬೇಕು. ದಿನಕ್ಕೆ 20 ಜನ ಕೂತರೂ 283 ದಿನ. ಬಾಡಿಗೆ, ಕರೆಂಟ್, ರಿಪೇರಿ, ಬಡ್ಡಿ ಇದರಲ್ಲಿ ಸೇರಿಲ್ಲ. ಜಾತ್ರೆ ದಿನ ನೂರು ಜನ ಬರಬಹುದು, ಪರೀಕ್ಷೆ ತಿಂಗಳಲ್ಲಿ ಇಬ್ಬರೂ ಬರದೇ ಇರಬಹುದು. ಬಂಗಾರ ಇಟ್ಟು ಮಾಡೋ ವ್ಯಾಪಾರ ಇದಲ್ಲ ಅಂತ ನಾನು ಹೇಳೋದು ಇದಕ್ಕೇ. ಅಂಗಡಿಯಲ್ಲಿ ಆಗಲೇ ಕಂಪ್ಯೂಟರ್ ಇದ್ದು, ಜಾಗ ಸ್ವಂತದ್ದಾಗಿದ್ರೆ ಲೆಕ್ಕ ಬೇರೆ.

ಕಾನೂನೂ ನೋಡಿಕೊಳ್ಳಿ. ಮನೆ ಬಳಕೆಗೆ ಅಂತ ಸ್ಟೀಮ್‌ನಲ್ಲಿ ಕೊಂಡ ಗೇಮ್ ಅನ್ನು ದುಡ್ಡು ತಗೊಂಡು ಆಡಿಸುವ ಹಾಗಿಲ್ಲ. ಸೈಬರ್ ಸೆಂಟರ್‌ಗಳಿಗೆ ಅವರದ್ದೇ ಬೇರೆ ಯೋಜನೆ ಇದೆ. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬಗ್ಗೆ ಮೊದಲೇ ವಿಚಾರಿಸಿ. "ಗೆದ್ದವನಿಗೆ ಐನೂರು" ಅಂತ ಬಾಜಿ ಕಟ್ಟಿಸೋಕೆ ಹೋದರೆ ಜೂಜಿನ ಕೇಸ್ ಮೈಮೇಲೆ ಎಳೆದುಕೊಂಡ ಹಾಗೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ.

ಇದರಿಂದ ಡ್ರೈವಿಂಗ್ ಬರುತ್ತಾ?

ಸ್ವಲ್ಪ ಬರುತ್ತೆ. ಕೇಂದ್ರದ 2021ರ ನಿಯಮದ ಪ್ರಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು. ಗೇಮ್ ಆಡಿ ರೇಸರ್ ಆದವರೂ ಇದ್ದಾರೆ. ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೋ 2011ರಲ್ಲಿ ಗ್ರ್ಯಾನ್ ಟುರಿಸ್ಮೊ ಗೇಮ್‌ನ ಸ್ಪರ್ಧೆ ಗೆದ್ದು, 2013ರಲ್ಲಿ ಫ್ರಾನ್ಸ್‌ನ ಲೆ ಮಾನ್ 24 ಗಂಟೆ ರೇಸ್‌ನಲ್ಲಿ ಓಡಿಸಿದರು. ಅವರ ಕಥೆ 2023ರಲ್ಲಿ ಸಿನಿಮಾ ಆಯ್ತು. ಆದ್ರೆ 2015ರಲ್ಲಿ ಜರ್ಮನಿಯಲ್ಲಿ ಅವರ ಕಾರು ಗಾಳಿಗೆ ಹಾರಿ ಬೇಲಿ ದಾಟಿ ಬಿದ್ದು ಪ್ರೇಕ್ಷಕರೊಬ್ಬರು ಸತ್ತರು. ಅಷ್ಟು ಕಲಿತವರ ಕೈಲೂ ಹಾಗಾಯ್ತು. ನಿಜವಾದ ರಸ್ತೆಯಲ್ಲಿ ರೀಸ್ಟಾರ್ಟ್ ಬಟನ್ ಇರಲ್ಲ.

ನಿಜವಾದ ರೇಸ್ ಟ್ರ್ಯಾಕ್ ನೋಡಬೇಕಂದ್ರೆ ನಮ್ಮ ಹುಡುಗರು ಚೆನ್ನೈ ಹತ್ತಿರದ ಇರುಂಗಾಟುಕೋಟೆಗೋ ಕೊಯಮತ್ತೂರಿಗೋ ಹೋಗಬೇಕು. ಅಲ್ಲಿಗೆ ಹೋಗೋಕಾಗದವರು ಶಿರಾಳಕೊಪ್ಪ ರಸ್ತೆಯನ್ನೇ ಟ್ರ್ಯಾಕ್ ಮಾಡಿಕೊಳ್ತಾರೆ. ನಮ್ಮ ಗುಂಪಲ್ಲೂ ಒಬ್ಬ ಹಾಗೆ ಬೈಕ್ ರೇಸ್‌ಗೆ ಹೋಗಿ ಕಾಲಿಗೆ ರಾಡ್ ಹಾಕಿಸಿಕೊಂಡಿದ್ದಾನೆ. ನಾವು ಎರಡನೇ ಸಲ ಸೀಟು ಕಟ್ಟೋಕೆ ಹೊರಟಿದ್ದು ಅವನು ಹಾಸಿಗೆಯಲ್ಲಿ ಇದ್ದಾಗ. ಕ್ಲಚ್ ಒತ್ತೋಕೆ ಆಗದೆ ಇದ್ದಿದ್ದಕ್ಕೆ ಅವನಿಗೆ ಆಟೋಮ್ಯಾಟಿಕ್ ಗೇರ್ ಹಾಕಿಕೊಟ್ವಿ. ಈಗಲೂ ಭಾನುವಾರ ಅವನೇ ಮೊದಲು ಬರೋದು, ನಮ್ಮನ್ನೆಲ್ಲ ಸೋಲಿಸೋದೂ ಅವನೇ.

ಸೊರಬದ ಅಣ್ಣನಿಗೆ ಈ ಲೆಕ್ಕ ಕಳಿಸಿದ್ದೇನೆ. "ಬಂಗಾರ ಬೇಡ ಬಿಡು. ಇರೋ ಒಂದು ಕಂಪ್ಯೂಟರ್‌ಗೆ ಮೊದಲು ಒಂದು ಸೀಟು ಮಾಡಿ ನೋಡ್ತೀನಿ, ಪೈಪ್ ತರೋಕೆ ನೀನೂ ಬಾ" ಅಂದಿದ್ದಾರೆ. ಎರಡನೇದು ಆಮೇಲೆ.