ಕೆಳಶ್ರೇಣಿಯ ಕಸುಬುದಾರರು: ಇಟಲಿಯ ಫುಟ್‌ಬಾಲಿನ ಇನ್ನೊಂದು ಮುಖ

ಇಟಲಿಯಲ್ಲಿ ವೃತ್ತಿಪರ ಫುಟ್‌ಬಾಲ್ ಮೂರು ಶ್ರೇಣಿಗಳಲ್ಲಿ ನಡೆಯುತ್ತದೆ: ತಲಾ 20 ತಂಡಗಳ ಸೀರಿ ಎ ಮತ್ತು ಸೀರಿ ಬಿ, ಮೂರು ಗುಂಪುಗಳಲ್ಲಿ ಒಟ್ಟು 60 ತಂಡಗಳು ಆಡುವ ಸೀರಿ ಸಿ. ಇವುಗಳ ಕೆಳಗೆ, ಕಾನೂನಿನ ಲೆಕ್ಕದಲ್ಲಿ ಹವ್ಯಾಸಿ ಎನಿಸಿದ ಸೀರಿ ಡಿ ಒಂಬತ್ತು ಗುಂಪುಗಳಲ್ಲಿ ಹರಡಿಕೊಂಡಿದೆ. ವೃತ್ತಿಪರ ತಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೂರನೆಯ ಶ್ರೇಣಿಯಲ್ಲೇ ಇರುವುದರಿಂದ, ಆ ದೇಶದಲ್ಲಿ ಚೆಂಡಾಟವನ್ನು ನಂಬಿ ಬದುಕುವುದೆಂದರೆ ಏನೆಂದು ಅರಿಯಬೇಕಾದರೆ ಮಿಲಾನ್, ಯುವೆಂಟಸ್‌ಗಳ ತಾರೆಯರಿಗಿಂತ, ಸಣ್ಣ ಪಟ್ಟಣಗಳ ನಡುವೆ ಅಲೆಯುತ್ತ ಆಡುವ ಆಟಗಾರರನ್ನೇ ಗಮನಿಸಬೇಕಾಗುತ್ತದೆ.

ಇಂಥ ಆಟಗಾರನ ಒಪ್ಪಂದ ಹಲವು ವೇಳೆ ಒಂದೆರಡು ವರ್ಷದ್ದಾಗಿದ್ದು, ಬೇಸಿಗೆಯಲ್ಲೂ ಜನವರಿಯಲ್ಲೂ ತೆರೆಯುವ ವರ್ಗಾವಣೆ ಅವಧಿಗಳು ಅವನ ಮುಂದಿನ ಊರನ್ನು ನಿರ್ಧರಿಸುತ್ತವೆ. ‘ಪ್ರೆಸ್ತಿತೊ’ ಎಂಬ ಎರವಲು ಪದ್ಧತಿಯಲ್ಲಿ ದೊಡ್ಡ ಕ್ಲಬ್ಬು ತನ್ನ ಹುಡುಗರನ್ನು ಆಟದ ಅನುಭವಕ್ಕಾಗಿ ಕೆಳಗಿನ ತಂಡಗಳಿಗೆ ಕಳುಹಿಸುತ್ತದೆ. ಒಬ್ಬನ ಮೇಲಿನ ಹಕ್ಕನ್ನು ಎರಡು ಕ್ಲಬ್ಬುಗಳು ಹಂಚಿಕೊಳ್ಳುತ್ತಿದ್ದ ‘ಕೊಂಪ್ರೊಪ್ರಿಯೆತಾ’ ಪದ್ಧತಿಯನ್ನು 2014ರಲ್ಲಿ ಕೈಬಿಡಲಾಯಿತು. ಒಪ್ಪಂದ ಮುಗಿದ ಮೇಲೂ ಆಟಗಾರನನ್ನು ಕ್ಲಬ್ಬಿಗೆ ಕಟ್ಟಿಹಾಕುತ್ತಿದ್ದ ‘ವಿಂಕೊಲೊ’ ನಿಯಮವನ್ನು ವೃತ್ತಿಪರರ ಮಟ್ಟಿಗೆ ಹಂತಹಂತವಾಗಿ ತೆಗೆದುಹಾಕಿದ್ದು 1981ರ ಕಾನೂನು. ಅದರ ಹಿಂದೆ, 1968ರಲ್ಲಿ ಸ್ಥಾಪನೆಗೊಂಡು, ಮಾಜಿ ಆಟಗಾರನೂ ವಕೀಲನೂ ಆದ ಸೆರ್ಜೊ ಕಂಪಾನಾ ಮುನ್ನಡೆಸಿದ ಆಟಗಾರರ ಸಂಘದ ಹೋರಾಟವಿತ್ತು.

ಈ ವೃತ್ತಿಪಥದ ಉಜ್ವಲ ನಿದರ್ಶನ ದಾರಿಯೊ ಹ್ಯೂಬ್ನರ್. ತ್ರಿಯೆಸ್ತೆಯಲ್ಲಿ 1967ರಲ್ಲಿ ಹುಟ್ಟಿ, ಕಮ್ಮಾರಿಕೆ ಮಾಡುತ್ತಲೇ ಬಳಿಯ ಮುಜ್ಜಾ ಊರಿನ ತಂಡದಲ್ಲಿ ಆಡಿದ ಇವರು, ಪಿಯೆವಿಜಿನಾ, ಪೆರ್ಗೊಕ್ರೆಮಾ, ಫಾನೊ, ಚೆಸೆನಾ ತಂಡಗಳನ್ನು ಹಾದು ಬ್ರೆಷಾ ಪರವಾಗಿ ಸೀರಿ ಎಗೆ ಕಾಲಿಟ್ಟಾಗ ವಯಸ್ಸು 30 ತುಂಬಿತ್ತು. ಆ ಮೊದಲ ಪಂದ್ಯದಲ್ಲೇ, 1997ರ ಆಗಸ್ಟಿನಲ್ಲಿ, ಇಂಟರ್ ವಿರುದ್ಧ ಗೋಲು ಹೊಡೆದ ಹ್ಯೂಬ್ನರ್, 2001–02ರಲ್ಲಿ ಪಿಯಾಚೆಂಜಾ ಪರ 24 ಗೋಲು ಗಳಿಸಿ, ಫ್ರಾನ್ಸಿನ ಡೇವಿಡ್ ಟ್ರೆಜೆಗೆ ಜೊತೆ ಲೀಗಿನ ಅಗ್ರ ಗೋಲುಗಾರರೆನಿಸಿದರು. ಆಗಿನ ಮೂರನೆಯ ಶ್ರೇಣಿಯಾದ ಸೀರಿ ಸಿ1, ಸೀರಿ ಬಿ ಮತ್ತು ಸೀರಿ ಎ ಮೂರರಲ್ಲೂ ಹ್ಯೂಬ್ನರ್‌ರಂತೆಯೇ ಈ ಗೌರವಕ್ಕೆ ಪಾತ್ರರಾದ ಇನ್ನೊಬ್ಬ ಆಟಗಾರ ಇಗೋರ್ ಪ್ರೊತ್ತಿ. 2006ರ ವಿಶ್ವಕಪ್ ಗೆದ್ದ ಇಟಲಿ ತಂಡದ ಫಾಬಿಯೊ ಗ್ರೊಸ್ಸೊ, ಲೂಕಾ ತೋನಿ, ಮಾರ್ಕೊ ಮತೆರಾಜ್ಜಿ ಕೂಡ ಕೆಳಶ್ರೇಣಿಗಳಲ್ಲಿ ಪಳಗಿ ಬಂದವರೇ.

ಆದರೆ ಈ ನೆಲ ಭದ್ರವಲ್ಲ. ಟಿವಿ ಪ್ರಸಾರದ ಆದಾಯ ಮೇಲಿನ ಶ್ರೇಣಿಯಲ್ಲೇ ಕೇಂದ್ರೀಕೃತವಾಗಿರುವುದರಿಂದ ಸೀರಿ ಸಿಯ ಎಷ್ಟೋ ಕ್ಲಬ್ಬುಗಳು ಸ್ಥಳೀಯ ಉದ್ಯಮಿಗಳ ಹಣವನ್ನೇ ನಂಬಿವೆ. ಆ ಹಣ ನಿಂತಾಗ ಆಟಗಾರರ ಸಂಬಳವೂ ನಿಲ್ಲುತ್ತದೆ. 2015ರಲ್ಲಿ ದಿವಾಳಿಯಾದ ಪಾರ್ಮಾ ಸೀರಿ ಡಿಯಿಂದ ಮತ್ತೆ ಆರಂಭಿಸಿದಾಗ ನಾಯಕ ಅಲೆಸ್ಸಾಂದ್ರೊ ಲೂಕಾರೆಲ್ಲಿ ತಂಡದಲ್ಲೇ ಉಳಿದು, 2018ರಲ್ಲಿ ಅದು ಸೀರಿ ಎಗೆ ಮರಳುವ ಅರ್ಹತೆ ಪಡೆಯುವವರೆಗೂ ಆಡಿದರು. ಇದಲ್ಲದೆ, ಸೀರಿ ಡಿಯಲ್ಲಿ ನಿಗದಿತ ಸಂಖ್ಯೆಯ ಕಿರಿಯರನ್ನು ಆಡಿಸಲೇಬೇಕೆಂಬ ನಿಯಮವಿರುವುದರಿಂದ, ಮೂವತ್ತರ ಅಂಚಿನ ಅನುಭವಿಗಳು ಅವಕಾಶ ಕಳೆದುಕೊಳ್ಳುತ್ತಾರೆ.

ಕಿರಿಯರಿಗೆ ದಾರಿ ಬೇಕು ನಿಜ; ಆದರೆ ಅವರಿಗೆ ಮೈದಾನದಲ್ಲಿ ಕಸುಬು ಕಲಿಸುವವರು ಈ ಹಿರಿಯರೇ. ಹ್ಯೂಬ್ನರ್‌ರಂಥವರು ತಡವಾಗಿಯಾದರೂ ಮೇಲೇರಲು ಸಾಧ್ಯವಾದದ್ದು ಕೆಳಗಿನ ಲೀಗುಗಳು ಅವರನ್ನು ಸಾಕಿದ್ದರಿಂದ. ಆದ್ದರಿಂದ ಆ ಲೀಗುಗಳಲ್ಲಿ ಸಂಬಳದ ಭದ್ರತೆಯನ್ನು ಕಾಯುವುದು ದಾನವಲ್ಲ, ಇಟಲಿಯ ಫುಟ್‌ಬಾಲ್ ತನ್ನ ಬುಡವನ್ನು ಕಾಪಾಡಿಕೊಳ್ಳಲು ಮಾಡಲೇಬೇಕಾದ ಕೆಲಸ.