ಕಂಠಾಭರಣ ಸಂಖ್ಯೆಗಳೂ ಕೂಡುದುಡಿಮೆಯ ಗಣಿತವೂ

೧

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ಒಂಬತ್ತನೆಯ ಶತಮಾನದ ನಡುವಿನಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬುದು ಕರ್ಣಾಟಕದ ಚರಿತ್ರೆಯನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ಕವಿರಾಜಮಾರ್ಗವು ಹುಟ್ಟಿದ ಕಾಲವೇ ಈ ಗ್ರಂಥದ ಕಾಲವೂ ಆಗಿರುವುದು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಇದರ ಗುಣಾಕಾರದ ಉದಾಹರಣೆಗಳಲ್ಲಿ ಒಂದು ಸೊಗಸು ಉಂಟು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುವುದು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುವುದು. ಇಂಥ ಗುಣಲಬ್ಧಗಳನ್ನು ಆಚಾರ್ಯನು ಅರಸರ ಕೊರಳಿನ ಆಭರಣಕ್ಕೆ ಹೋಲಿಸುತ್ತಾನೆ. ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ ಆಗಿರುವ ಈ ಅಂಕಮಾಲೆಗಳು ಚಿತ್ರಕವಿತ್ವದ ಗತಪ್ರತ್ಯಾಗತವನ್ನು ನೆನಪಿಗೆ ತರುವುವು.

ಹಾರವನ್ನು ಕೋಯುವುದು ಸುಲಭ. ೧೫೨೨೦೭, ೭೩ ಎಂಬೆರಡು ಸಂಖ್ಯೆಗಳನ್ನು ಕೊಟ್ಟರೆ ಶಾಲೆಯ ಹುಡುಗನೂ ಗುಣಿಸಿಯಾನು. ಆದರೆ ೧೧೧೧೧೧೧೧ ಎಂಬುದನ್ನು ಮಾತ್ರ ಕೊಟ್ಟು, ಇದು ಯಾವ ಯಾವ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಕೆಲಸವು ಅಷ್ಟು ಸುಲಭವಲ್ಲ. ಅದು ೧೧, ೭೩, ೧೦೧, ೧೩೭ ಎಂಬ ನಾಲ್ಕು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕಾಣಲು ಒಂದೊಂದನ್ನೇ ಭಾಗಿಸಿ ನೋಡಬೇಕಾಗುವುದು. ಹೀಗೆ ಒಂದು ಸಂಖ್ಯೆಯನ್ನು ಅದರ ಘಟಕಗಳಾಗಿ ಬಿಡಿಸುವುದಕ್ಕೆ ಅಪವರ್ತನವೆಂದು ಹೆಸರು. ಕೋಯುವುದಕ್ಕೂ ಬಿಡಿಸುವುದಕ್ಕೂ ನಡುವೆ ಇರುವ ಈ ಅಂತರವು ಅಂಕಿಗಳು ಹೆಚ್ಚಿದಂತೆಲ್ಲ ಅಗಾಧವಾಗುತ್ತ ಹೋಗುವುದು. ಎರಡರ ಅರುವತ್ತೇಳನೆಯ ಘಾತದಲ್ಲಿ ಒಂದನ್ನು ಕಳೆದರೆ ಬರುವ ೧೪೭೫೭೩೯೫೨೫೮೯೬೭೬೪೧೨೯೨೭ ಎಂಬ ಸಂಖ್ಯೆಯು ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ ಇವುಗಳ ಗುಣಲಬ್ಧವೆಂದು ಅಮೆರಿಕದ ಎಫ್. ಎನ್. ಕೋಲ್ ಎಂಬ ಪಂಡಿತನು ೧೯೦೩ರಲ್ಲಿ ತೋರಿಸಿಕೊಟ್ಟನು. ಇದಕ್ಕಾಗಿ ಆತನು ಮೂರು ವರ್ಷಗಳ ಭಾನುವಾರಗಳನ್ನು ವ್ಯಯಮಾಡಿದನೆಂದು ಹೇಳುತ್ತಾರೆ. ಅಂಕಿಗಳು ಕೇವಲ ಇಪ್ಪತ್ತೊಂದು, ದುಡಿದವನು ಒಬ್ಬನೇ.

ಈ ಕೆಲಸವನ್ನು ನೂರಾರು ಮಂದಿ ಸೇರಿ ಮಾಡುವುದು ಹೇಗೆ, ಹಾಗೆ ಮಾಡಿದುದರಿಂದ ಏನಾಯಿತು ಎಂಬುದೇ ಈ ಲೇಖನದ ವಿಷಯ.

೨

ಈ ಅಂತರವು ೧೯೭೭ರವರೆಗೆ ಗಣಿತಜ್ಞರ ವಿನೋದಕ್ಕೆ ಮಾತ್ರ ವಿಷಯವಾಗಿತ್ತು. ಆ ವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದರಿಂದ ಒಂದು ಬೀಗವನ್ನು ನಿರ್ಮಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದು ಆರ್. ಎಸ್. ಎ. ಎಂದು ಪ್ರಸಿದ್ಧವಾಗಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಸಾರಬಹುದು. ಅದರ ಸಹಾಯದಿಂದ ಯಾರು ಬೇಕಾದರೂ ಗೂಢಲಿಪಿಯಲ್ಲಿ ಪತ್ರ ಬರೆಯಬಹುದು. ಆದರೆ ಅದನ್ನು ಓದಬಲ್ಲವನು ಘಟಕಗಳೆರಡನ್ನೂ ಬಲ್ಲವನೊಬ್ಬನೇ. ಬೀಗವನ್ನು ಬೀದಿಯಲ್ಲಿಟ್ಟು ಬೀಗದಕೈಯನ್ನು ಮನೆಯಲ್ಲಿಟ್ಟುಕೊಂಡಂತೆ ಈ ಏರ್ಪಾಡು.

ಅದೇ ವರ್ಷದ ಆಗಸ್ಟಿನಲ್ಲಿ ಮಾರ್ಟಿನ್ ಗಾರ್ಡ್ನರನು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಈ ಮೂವರ ಸವಾಲೊಂದನ್ನು ಪ್ರಕಟಿಸಿದನು. ೧೨೯ ಅಂಕಿಗಳ ಒಂದು ಸಂಖ್ಯೆ, ಅದರಿಂದ ಮುಚ್ಚಿದ ಒಂದು ವಾಕ್ಯ. ಬಿಡಿಸಿದವರಿಗೆ ನೂರು ಡಾಲರು. ಅಂದಿನ ಯಂತ್ರದಿಂದ ಅಂದಿನ ವಿಧಾನದಲ್ಲಿ ಇದಕ್ಕೆ ನಾನೂರು ಕೋಟಿ ಕೋಟಿ ವರ್ಷಗಳು ಬೇಕೆಂದು ರಿವೆಸ್ಟನು ಅಂದಾಜು ಮಾಡಿದ್ದನು. ಸವಾಲು ಹದಿನೇಳು ವರ್ಷಗಳಲ್ಲಿ ತೀರಿತು. ಅದು ಹೇಗೆ ತೀರಿತೆಂಬುದನ್ನು ತಿಳಿಯಲು ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು.

೩

ಮಹಾವೀರನ ೧೫೧೫೧ನ್ನೇ ತೆಗೆದುಕೊಳ್ಳಬಹುದು. ಇದಕ್ಕಿಂತ ದೊಡ್ಡದಾದ ಮೊದಲನೆಯ ವರ್ಗಸಂಖ್ಯೆಯು ೧೨೪ರ ವರ್ಗ, ಎಂದರೆ ೧೫೩೭೬. ಇದರಲ್ಲಿ ೧೫೧೫೧ನ್ನು ಕಳೆದರೆ ಉಳಿಯುವುದು ೨೨೫. ಅದು ೧೫ರ ವರ್ಗ. ಎರಡು ವರ್ಗಗಳ ಅಂತರವು ಅವುಗಳ ಮೂಲಗಳ ಮೊತ್ತವನ್ನು ಅಂತರದಿಂದ ಗುಣಿಸಿದುದಕ್ಕೆ ಸಮವಾದುದರಿಂದ, ೧೨೪ಕ್ಕೆ ೧೫ನ್ನು ಕೂಡಿದರೆ ೧೩೯, ಕಳೆದರೆ ೧೦೯. ಹಾರವು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ೧೩೫೬ರಲ್ಲಿ ನಾರಾಯಣ ಪಂಡಿತನು 'ಗಣಿತಕೌಮುದಿ'ಯ ಭಾಗಾದಾನ ಪ್ರಕರಣದಲ್ಲಿ ಹೇಳಿರುವುದು ಈ ಬಗೆಯ ಕ್ರಮವನ್ನೇ. ಯೂರೋಪಿನಲ್ಲಿ ಇದು ಹದಿನೇಳನೆಯ ಶತಮಾನದ ಫರ್ಮಾನ ಹೆಸರಿನಿಂದ ಪ್ರಸಿದ್ಧವಾಗಿದೆ.

ಆದರೆ ಎಲ್ಲ ಹಾರಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ೧೧೧೧೧ ಎಂಬುದನ್ನು ನೋಡಿದರೆ, ೧೦೬ರ ವರ್ಗದಿಂದ ಮೊದಲುಮಾಡಿ ಎಷ್ಟೋ ದೂರ ನಡೆದರೂ ಶೇಷವು ವರ್ಗವಾಗುವುದಿಲ್ಲ. ಇಲ್ಲಿಯೇ ಕೂಡುದುಡಿಮೆಗೆ ಎಡೆಯಾದುದು. ಮೂವರು ಬೇರೆ ಬೇರೆ ಕಡೆ ಕುಳಿತು ಹುಡುಕುತ್ತಿರುವರೆಂದು ಭಾವಿಸಬೇಕು. ೧೦೬ರ ವರ್ಗದಲ್ಲಿ ೧೧೧೧೧ ಕಳೆದರೆ ೧೨೫ ಉಳಿಯುವುದೆಂದೂ, ಅದು ಮೂರು ಐದುಗಳ ಗುಣಲಬ್ಧವೆಂದೂ ಒಬ್ಬನು ಬರೆದು ಕಳುಹಿಸುವನು. ೧೦೭ರ ವರ್ಗದಿಂದ ೩೩೮ ಉಳಿಯುವುದೆಂದೂ, ಅದು ಒಂದು ಎರಡು ಮತ್ತು ಎರಡು ಹದಿಮೂರುಗಳ ಗುಣಲಬ್ಧವೆಂದೂ ಇನ್ನೊಬ್ಬನು ಬರೆಯುವನು. ೧೧೧ರ ವರ್ಗದಿಂದ ೧೨೧೦ ಉಳಿಯುವುದೆಂದೂ, ಅದು ಒಂದು ಎರಡು, ಒಂದು ಐದು, ಎರಡು ಹನ್ನೊಂದುಗಳ ಗುಣಲಬ್ಧವೆಂದೂ ಮೂರನೆಯವನು ಬರೆಯುವನು. ಮೂರು ಶೇಷಗಳಲ್ಲಿ ಒಂದಾದರೂ ವರ್ಗವಲ್ಲ. ಆದರೆ ಮೂರನ್ನೂ ಗುಣಿಸಿ ನೋಡಿದರೆ ಐದುಗಳು ನಾಲ್ಕು, ಎರಡುಗಳು ಎರಡು, ಹದಿಮೂರುಗಳು ಎರಡು, ಹನ್ನೊಂದುಗಳು ಎರಡು. ಎಲ್ಲವೂ ಸಮಸಂಖ್ಯೆಯಲ್ಲಿ ಜೊತೆಗೂಡಿದುವು. ಆದಕಾರಣ ಗುಣಲಬ್ಧವು ೭೧೫೦ರ ವರ್ಗವಾಯಿತು. ಇತ್ತ ೧೦೬, ೧೦೭, ೧೧೧ ಇವುಗಳನ್ನು ಗುಣಿಸಿ ೧೧೧೧೧ರಿಂದ ಭಾಗಿಸಿದರೆ ಶೇಷ ೩೪೧೯. ೭೧೫೦ರ ವರ್ಗವೂ ೩೪೧೯ರ ವರ್ಗವೂ ೧೧೧೧೧ರಿಂದ ಭಾಗಿಸಿದಾಗ ಒಂದೇ ಶೇಷವನ್ನು ಕೊಡುವುವು. ಆದುದರಿಂದ ಇವೆರಡರ ಅಂತರವಾದ ೩೭೩೧ಕ್ಕೂ ೧೧೧೧೧ಕ್ಕೂ ಸಾಮಾನ್ಯವಾದ ಘಟಕವನ್ನು ಪರಸ್ಪರ ಭಾಗಾಕಾರದಿಂದ ಹುಡುಕಬೇಕು. ಮಹಾವೀರನು ವಲ್ಲಿಕಾಕುಟ್ಟೀಕಾರದಲ್ಲಿ ಬಳಸುವ ಭಾಗಾಕಾರವೇ ಇದು. ಹಾಗೆ ಭಾಗಿಸುತ್ತ ಹೋದರೆ ಕೊನೆಗೆ ನಿಲ್ಲುವುದು ೪೧. ೧೧೧೧೧ ಎಂಬುದು ೪೧ ಮತ್ತು ೨೭೧ ಇವುಗಳ ಗುಣಲಬ್ಧ.

ಇದರಲ್ಲಿ ಗಮನಿಸತಕ್ಕ ಅಂಶವೆಂದರೆ, ಮೂವರಲ್ಲಿ ಯಾರೊಬ್ಬರಿಗೂ ಉತ್ತರವು ತಿಳಿದಿರಲಿಲ್ಲ. ಯಾರ ಚೀಟಿಯಲ್ಲಿಯೂ ೪೧ ಎಂಬ ಅಂಕಿ ಇರಲಿಲ್ಲ. ಮೂರು ಚೀಟಿಗಳು ಒಂದೆಡೆ ಸೇರಿದಾಗಲೇ ಉತ್ತರವು ಹುಟ್ಟಿತು.

ಚಿಕ್ಕ ಘಟಕಗಳುಳ್ಳ ಶೇಷಗಳನ್ನು ಹುಡುಕಲು ಎಲ್ಲವನ್ನೂ ಭಾಗಿಸಿ ನೋಡಬೇಕಾಗಿಲ್ಲ. ಮೇಲಿನ ಉದಾಹರಣೆಯಲ್ಲಿ ೧೦೬ರ ಶೇಷವು ಐದರಿಂದ ಭಾಗವಾದರೆ ೧೧೧, ೧೧೬, ೧೨೧ ಹೀಗೆ ಐದೈದು ಹೆಜ್ಜೆಗೆ ಒಂದರಂತೆ ಮುಂದಿನವೂ ಭಾಗವಾಗುವುವು. ಈ ಲಯವನ್ನು ಹಿಡಿದು ಬೇಡವಾದುವನ್ನು ಉದುರಿಸಿ ಬೇಕಾದುವನ್ನು ಉಳಿಸಿಕೊಳ್ಳುವುದರಿಂದ ಈ ಕ್ರಮಕ್ಕೆ ಜರಡಿ ಎಂದು ಹೆಸರು ಬಂದಿದೆ. ಕಾರ್ಲ್ ಪೊಮೆರಾನ್ಸ್ ಎಂಬ ಗಣಿತಜ್ಞನು ೧೯೮೧ರಲ್ಲಿ ಇದಕ್ಕೆ ವರ್ಗಜರಡಿಯೆಂಬ ವ್ಯವಸ್ಥಿತ ರೂಪವನ್ನು ಕೊಟ್ಟನು.

೪

ಜರಡಿ ಹಿಡಿಯುವ ಕೆಲಸವನ್ನು ಎಷ್ಟು ಪಾಲುಗಳಾಗಿಯಾದರೂ ಹಂಚಬಹುದು. ೧೯೮೮ರಲ್ಲಿ ಆರ್ಯೆನ್ ಲೆನ್‌ಸ್ಟ್ರಾ ಮತ್ತು ಮಾರ್ಕ್ ಮನಾಸೆ ಎಂಬವರು ವಿದ್ಯುನ್ಮಾನ ಅಂಚೆಯ ಮೂಲಕ ಪಾಲುಗಳನ್ನು ದೂರದೂರದವರಿಗೆ ಹಂಚಿ, ನೂರು ಅಂಕಿಗಳ ಸಂಖ್ಯೆಯೊಂದನ್ನು ಬಿಡಿಸಿದರು. ಅದು ೧೯೨೫ರಲ್ಲಿ ಕನಿಂಗ್‌ಹ್ಯಾಮ್ ಮತ್ತು ವುಡಾಲ್ ಪ್ರಕಟಿಸಿದ ಕೋಷ್ಟಕಗಳ ಪರಂಪರೆಗೆ ಸೇರಿದ ಸಂಖ್ಯೆ. ಒಂದು ಚಿಕ್ಕ ಸಂಖ್ಯೆಯ ಘಾತದಲ್ಲಿ ಒಂದನ್ನು ಕೂಡಿದರೆ ಅಥವಾ ಕಳೆದರೆ ಬರುವ ಸಂಖ್ಯೆಗಳೇ ಆ ಕೋಷ್ಟಕಗಳ ವಿಷಯ. ಹತ್ತರ ಎಂಟನೆಯ ಘಾತದಲ್ಲಿ ಒಂದನ್ನು ಕಳೆದು ಒಂಬತ್ತರಿಂದ ಭಾಗಿಸಿದರೆ ಮಹಾವೀರನ ೧೧೧೧೧೧೧೧ ಬರುವುದಾದುದರಿಂದ, ಒಂಬತ್ತನೆಯ ಶತಮಾನದ ಆ ಹಾರವೂ ಇದೇ ಕುಲಕ್ಕೆ ಸೇರಿದುದು.

೧೯೯೩ರಲ್ಲಿ ಡೆರೆಕ್ ಆಟ್ಕಿನ್ಸ್, ಮೈಕೇಲ್ ಗ್ರಾಫ್, ಪಾಲ್ ಲೇಲೆಂಡ್ ಎಂಬವರು ಲೆನ್‌ಸ್ಟ್ರಾನೊಡನೆ ಸೇರಿ ೧೨೯ ಅಂಕಿಗಳ ಸವಾಲಿಗೆ ಕೈಯಿಟ್ಟರು. ಸುಮಾರು ಆರುನೂರು ಸ್ವಯಂಸೇವಕರು ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಬಂದು ಸೇರಿದರು. ಅವರು ಒದಗಿಸಿದ ಯಂತ್ರಗಳು ಸುಮಾರು ಸಾವಿರದ ಆರುನೂರು. ಅವುಗಳಲ್ಲಿ ಎರಡು ಫ್ಯಾಕ್ಸ್ ಯಂತ್ರಗಳೂ ಇದ್ದುವು. ರಾತ್ರಿ ಕಚೇರಿಗಳು ಮುಚ್ಚಿದಾಗ ಸುಮ್ಮನಿರುವ ಗಣಕಯಂತ್ರಗಳು ಜರಡಿ ಹಿಡಿದುವು. ಎಂಟು ತಿಂಗಳಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಚೀಟಿಗಳು ಕೂಡಿದುವು. ಜೊತೆಗೂಡಿಸಬೇಕಾಗಿದ್ದ ಅವಿಭಾಜ್ಯ ಸಂಖ್ಯೆಗಳು ಐದು ಲಕ್ಷಕ್ಕೂ ಹೆಚ್ಚು. ೧೯೯೪ರ ಏಪ್ರಿಲ್ ೨೬ರಂದು ಫಲವು ಪ್ರಕಟವಾಯಿತು: ಘಟಕಗಳು ಎರಡು, ಒಂದರಲ್ಲಿ ೬೪ ಅಂಕಿ, ಇನ್ನೊಂದರಲ್ಲಿ ೬೫. ಹದಿನೇಳು ವರ್ಷ ಮುಚ್ಚಿದ್ದ ವಾಕ್ಯದಲ್ಲಿದ್ದುದು, ಮಂತ್ರಪದಗಳು ಇವೆಂದು ಹೇಳಿ ಎಲುಬು ಮುರಿದು ತಿನ್ನುವ ಒಂದು ಹದ್ದನ್ನು ಹೆಸರಿಸುವ ಅರ್ಥವಿಲ್ಲದ ವಿನೋದ. ಬಹುಮಾನದ ನೂರು ಡಾಲರುಗಳನ್ನು ಅವರು ಸ್ವತಂತ್ರ ತಂತ್ರಾಂಶದ ಪ್ರತಿಷ್ಠಾನಕ್ಕೆ ಕೊಟ್ಟುಬಿಟ್ಟರು.

ಈ ಕೆಲಸದ ಎರಡನೆಯ ಭಾಗವು ಮಾತ್ರ ಹಂಚಿಕೆಗೆ ಒಗ್ಗುವುದಿಲ್ಲ. ಯಾವ ಯಾವ ಚೀಟಿಗಳನ್ನು ಆಯ್ದರೆ ಎಲ್ಲ ಘಟಕಗಳೂ ಸಮಸಂಖ್ಯೆಯಲ್ಲಿ ಬರುವುವೆಂದು ನಿರ್ಣಯಿಸಲು ಎಲ್ಲ ಚೀಟಿಗಳನ್ನೂ ಒಂದೇ ಕಡೆ ಇಟ್ಟು ನೋಡಬೇಕು. ಇದಕ್ಕೆ ಒಂದು ಮಹಾಯಂತ್ರವು ೪೫ ಗಂಟೆಗಳ ಕಾಲ ದುಡಿಯಿತು. ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆಯುವ ಕೆಲಸಕ್ಕೆ ಹಲವು ಕೈಗಳು ಸಲ್ಲುವುವು. ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಅರ್ಥವನ್ನು ನಿರ್ಣಯಿಸುವ ಕೆಲಸವು ಒಂದು ಮೇಜಿನ ಸುತ್ತಲೇ ನಡೆಯಬೇಕು.

೫

ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಬಯಲುಸೀಮೆಯ ಊರುಗಳ ಒಕ್ಕಲುತನಕ್ಕೆ ಮುಯ್ಯಾಳಿನ ಪದ್ಧತಿಯು ಹಳೆಯದು. ಇಂದು ಇವನ ಹೊಲದ ರಾಗಿಗೆ ಅವನು ಕುಡುಗೋಲು ಹಿಡಿದರೆ ನಾಳೆ ಅವನ ಹೊಲಕ್ಕೆ ಇವನು ಹೋಗುವನು. ಅಲ್ಲಿ ಎರಡು ಕಟ್ಟುಗಳುಂಟು: ಮುಯ್ಯಿ ತೀರಿಸುವ ಋಣ, ಮತ್ತು ಮುಖ ಕಂಡ ಪರಿಚಯ. ಕೆಲಸಗಳ್ಳನನ್ನು ಮರುವರ್ಷ ಯಾರೂ ಕರೆಯರು. ಮೇಲೆ ಹೇಳಿದ ಆರುನೂರು ಮಂದಿಯಲ್ಲಿ ಈ ಎರಡೂ ಇರಲಿಲ್ಲ. ಬಹುಮಂದಿ ಒಬ್ಬರನ್ನೊಬ್ಬರು ನೋಡಿದವರೇ ಅಲ್ಲ. ಹಿಂದಿರುಗಿ ಬರುವ ದುಡಿಮೆಯೂ ಇಲ್ಲ. ಹಾಗಿದ್ದೂ ಕೆಲಸವು ಕೆಡದಿದ್ದುದಕ್ಕೆ ಕಾರಣವು ಕೆಲಸದ ಸ್ವಭಾವದಲ್ಲಿಯೇ ಇದೆ. ೧೦೭ರ ವರ್ಗದಿಂದ ೩೩೮ ಉಳಿಯುವುದೆಂಬ ಚೀಟಿಯನ್ನು ಯಾರೇ ಕಳುಹಿಸಲಿ, ಒಂದು ಗುಣಾಕಾರದಿಂದ ಅದರ ನಿಜವು ತಿಳಿಯುವುದು. ಸುಳ್ಳು ಚೀಟಿಯು ಒಡನೆಯೇ ಕಸವಾಗುವುದು. ಒಬ್ಬನು ನಡುವೆ ಬಿಟ್ಟುಹೋದರೂ ಇನ್ನೊಬ್ಬನ ಕೆಲಸವು ನಿಲ್ಲದು. ಎಂಬತ್ತು ಲಕ್ಷದಲ್ಲಿ ಅವನ ಪಾಲಿನ ಕೆಲವು ಕಡಮೆಯಾದಾವು, ಅಷ್ಟೆ.

ಎಲ್ಲ ಕೂಡುದುಡಿಮೆಗೂ ಈ ಭಾಗ್ಯವಿಲ್ಲ. ೧೯೯೬ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಮರ್ಸೆನ್ ಅವಿಭಾಜ್ಯಗಳ ಅನ್ವೇಷಣೆಯಲ್ಲಿ, ಈ ಸಂಖ್ಯೆಯು ಅವಿಭಾಜ್ಯವಲ್ಲವೆಂದು ಸ್ವಯಂಸೇವಕನ ಯಂತ್ರವು ಹೇಳಿದರೆ ಅದನ್ನು ಒಂದು ನೋಟದಲ್ಲಿ ಪರೀಕ್ಷಿಸಲು ಬಹುಕಾಲ ದಾರಿಯಿರಲಿಲ್ಲ. ಆದುದರಿಂದ ಪ್ರತಿಯೊಂದು ಲೆಕ್ಕವನ್ನೂ ಎರಡು ಸಾರಿ ಮಾಡಿಸಬೇಕಾಗಿತ್ತು. ಪರೀಕ್ಷೆಯು ಸುಲಭವಾಗಿರುವಲ್ಲಿ ಅಪರಿಚಿತರ ಸಹಾಯವನ್ನು ಧೈರ್ಯವಾಗಿ ಪಡೆಯಬಹುದು. ಪರೀಕ್ಷೆಯು ಕಠಿನವಾಗಿರುವಲ್ಲಿ ಆಳನ್ನು ನಂಬಬೇಕು, ಇಲ್ಲವೆ ದುಡಿಮೆಯನ್ನು ಇಮ್ಮಡಿಸಬೇಕು.

೬

ರಿವೆಸ್ಟನ ಅಂದಾಜು ಏಕೆ ಬಿದ್ದುಹೋಯಿತು? ವಿಧಾನವು ಸುಧಾರಿಸಿತು, ಯಂತ್ರಗಳ ವೇಗವು ಹೆಚ್ಚಿತು, ಇವೆರಡೂ ನಿಜವೇ. ಮೂರನೆಯ ಕಾರಣವು ದುಡಿಯುವವರ ಸಂಖ್ಯೆ. ಪ್ರಪಂಚದ ನೂರಾರು ಮಂದಿ ಸಂಬಳವಿಲ್ಲದೆ ತಮ್ಮ ಯಂತ್ರಗಳನ್ನು ಒಂದೇ ಲೆಕ್ಕಕ್ಕೆ ಕೊಡುವರೆಂಬುದು ೧೯೭೭ರಲ್ಲಿ ಯಾರ ಎಣಿಕೆಗೂ ಬಂದಿರಲಿಲ್ಲ. ಬೀಗದ ಬಲವನ್ನು ಅಳೆಯುವಾಗ ಇಂಥ ದುಡಿಮೆಯನ್ನೂ ಸೇರಿಸಿಕೊಳ್ಳಬೇಕೆಂಬ ಪಾಠವನ್ನು ಸ್ವಯಂಸೇವಕರು ಕಲಿಸಿದರು. ೧೯೯೯ರಲ್ಲಿ ೧೫೫ ಅಂಕಿಗಳ ಸಂಖ್ಯೆಯು ಸಂಖ್ಯಾಕ್ಷೇತ್ರ ಜರಡಿಯೆಂಬ ಇನ್ನೂ ಬಲವಾದ ವಿಧಾನದಿಂದ ಬಿಡಿಸಲ್ಪಟ್ಟಿತು. ಅಷ್ಟು ಉದ್ದದ ಬೀಗಗಳು ಅಂದು ವ್ಯಾಪಾರದಲ್ಲಿ ಬಳಕೆಯಲ್ಲಿದ್ದುವಾದುದರಿಂದ ಜನರು ಎಚ್ಚೆತ್ತರು. ೨೦೧೨ರಲ್ಲಿ ಸ್ವಯಂಸೇವಕರ ಇನ್ನೊಂದು ಕೂಟವು ಎರಡರ ೧೦೬೧ನೆಯ ಘಾತದಲ್ಲಿ ಒಂದು ಕಳೆದ, ೩೨೦ ಅಂಕಿಗಳ ಸಂಖ್ಯೆಯನ್ನು ಬಿಡಿಸಿತು. ವಿಶೇಷರೂಪದ ಸಂಖ್ಯೆಯಾದುದರಿಂದ ಅದು ಸಾಧ್ಯವಾಯಿತು. ಅಂಥ ವಿಶೇಷರೂಪವಿಲ್ಲದ ಬೀಗದ ಸಂಖ್ಯೆಗಳಲ್ಲಿ, ೨೦೨೦ರ ಫೆಬ್ರವರಿಯಲ್ಲಿ ಸಂಶೋಧಕರ ತಂಡವೊಂದು ೨೫೦ ಅಂಕಿಗಳ ಸಂಖ್ಯೆಯನ್ನು ಬಿಡಿಸಿತು.

ಪಂಚನಹಳ್ಳಿಯ ರೈತನು ಇಂದು ಪಡೆಯುವ ಪಹಣಿಯ ಮೇಲೆ ಶಾಯಿಯ ರುಜುವಿಗೆ ಬದಲಾಗಿ ಡಿಜಿಟಲ್ ಸಹಿ ಇರುತ್ತದೆ. ಇಂಥ ಸಹಿಗಳಿಗೆ ಸಾಮಾನ್ಯವಾಗಿ ಬಳಸುವ ಆರ್. ಎಸ್. ಎ. ಸಂಖ್ಯೆಯು ೬೧೭ ಅಂಕಿಗಳಷ್ಟು ಉದ್ದವಾದುದು. ೧೨೯ಕ್ಕೆ ತೃಪ್ತಿಪಡದೆ ೬೧೭ರವರೆಗೆ ಏಕೆ ಹೋಗಬೇಕಾಯಿತೆಂಬುದಕ್ಕೆ, ಮುಖವರಿಯದ ಆರುನೂರು ಮಂದಿಯ ಎಂಟು ತಿಂಗಳ ದುಡಿಮೆಯೂ ಒಂದು ಉತ್ತರ. ಅವರು ಬೀಗವನ್ನು ಮುರಿದುದು ಕದಿಯುವುದಕ್ಕಲ್ಲ, ಅದರ ಬಲವನ್ನು ಬಹಿರಂಗವಾಗಿ ಅಳೆಯುವುದಕ್ಕೆ. ಆ ಅಳತೆಯಿಂದಾಗಿ ಆ ರೈತನ ಹೊಲದ ದಾಖಲೆಯು ಹೆಚ್ಚು ಭದ್ರವಾಗಿದೆ.

ಈ ಭದ್ರತೆಯೂ ಶಾಶ್ವತವಲ್ಲ. ೧೨೯ ಅಂಕಿಗಳ ಬೀಗವು ಮುರಿದ ೧೯೯೪ರಲ್ಲಿಯೇ ಪೀಟರ್ ಶೋರ್ ಎಂಬ ವಿದ್ವಾಂಸನು, ಕ್ವಾಂಟಮ್ ಗಣಕಯಂತ್ರವು ಸಾಕಷ್ಟು ದೊಡ್ಡದಾಗಿ ಸಿದ್ಧವಾದರೆ ಅಪವರ್ತನವು ಅದಕ್ಕೆ ಸುಲಭವಾಗುವುದೆಂದು ತೋರಿಸಿದನು. ಅದಕ್ಕೆ ಮುಂಚಿತವಾಗಿಯೇ ೨೦೨೪ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಅಪವರ್ತನವನ್ನು ಅವಲಂಬಿಸದ ಹೊಸ ಬೀಗಗಳ ಮಾನಕಗಳನ್ನು ಪ್ರಕಟಿಸಿತು. ಅವು ಎಲ್ಲೆಡೆ ಬಳಕೆಗೆ ಬಂದು ಹಳೆಯ ಬೀಗಗಳು ಮೂಲೆ ಸೇರಿದಮೇಲೆ, ದೊಡ್ಡ ಸಂಖ್ಯೆಗಳು ಮತ್ತೆ ಮಹಾವೀರನ ಕಾಲದಲ್ಲಿದ್ದಂತೆ ಕೊರಳಿನ ಆಭರಣವಾಗಿ ಮಾತ್ರ ಉಳಿಯಬಹುದು.